ವೈನು ಗ್ಲಾಸಿನಲ್ಲಿ, ತೋಟ ಕಿಟಕಿಯಾಚೆ: ತೋಟ ಹೋದ ಮೇಲೆ ಉಳಿಯೋದೇನು?

ರಜೆ ದಿನ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬಸ್ಸಿಗೆ ಕಾಯೋರಿಗೆ ಬೆಂಗಳೂರಿನ ಕಾರುಗಳು ಹೊಸತಲ್ಲ. ನಂದಿಬೆಟ್ಟದ ಕಡೆಗೆ ಹೋಗೋ ಕಾರು ಕೆಲವಾದರೆ, ರಘುನಾಥಪುರದ ಹತ್ತಿರ ದ್ರಾಕ್ಷಿ ತೋಟದ ಗೇಟಿಗೆ ತಿರುಗೋ ಕಾರು ಕೆಲವು. ಒಳಗೆ ಹೋದೋರು ಒಂದೆರಡು ಗಂಟೆ ಬಿಟ್ಟು ಹೊರಗೆ ಬರ್ತಾರೆ. ಡಿಕ್ಕಿಯಲ್ಲಿ ನಾಲ್ಕಾರು ಬಾಟಲಿ ಇಟ್ಕೊಂಡು ಬಂದ ದಾರಿಯಲ್ಲೇ ವಾಪಸು ಹೊರಟುಹೋಗ್ತಾರೆ.

ಇದಕ್ಕೆ ವೈನ್ ಟೇಸ್ಟಿಂಗ್ ಅಂತ ಹೆಸರು. ಕನ್ನಡದಲ್ಲಿ ಹೇಳೋದಾದರೆ ರುಚಿ ನೋಡೋ ಶಾಸ್ತ್ರ. "ನಮಗೂ ಇದಕ್ಕೂ ಏನು ಸಂಬಂಧ? ದುಡ್ಡಿದ್ದೋರು ಬರ್ತಾರೆ, ಕುಡೀತಾರೆ, ಹೋಗ್ತಾರೆ" ಅಂತ ಬಸ್ಸಿನಲ್ಲಿ ಕೂತೋರು ಅನ್ನಬಹುದು. ಸಂಬಂಧ ಇದೆ. ಆ ಕಾರುಗಳು ಬರೋದು ಬಾಟಲಿಗಾಗಿ ಅಲ್ಲ. ಬಾಟಲಿ ಬೆಂಗಳೂರಿನ ಅಂಗಡಿಯಲ್ಲೇ ಸಿಗುತ್ತೆ. ಅವರು ಬರೋದು ತೋಟ ನೋಡೋದಕ್ಕೆ. ತೋಟ ಇರೋದು ಈ ಸೀಮೆಯ ಮಣ್ಣಿನಲ್ಲಿ. ಈ ಮಣ್ಣು ಇನ್ನೆಷ್ಟು ದಿನ ತೋಟವಾಗಿ ಉಳಿಯುತ್ತೆ ಅನ್ನೋದೇ ಈಗಿನ ಪ್ರಶ್ನೆ.

ಒಳಗೆ ನಡೆಯೋದೇನು?

ಮೊದಲೇ ಹೆಸರು ಬರೆಸಿ, ತಲೆಗಿಷ್ಟು ಅಂತ ಹಣ ಕಟ್ಟಬೇಕು. ಬಂದವರನ್ನೆಲ್ಲ ಗುಂಪು ಮಾಡಿ ಒಬ್ಬ ಕರಕೊಂಡು ಹೊರಡ್ತಾನೆ. ಮೊದಲು ತೋಟ. ಆಮೇಲೆ ಹಣ್ಣು ಹಿಂಡೋ ಯಂತ್ರ, ರಸ ಹುಳಿಯೋ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕು, ಕೊನೆಗೆ ತಣ್ಣಗಿನ ಕತ್ತಲ ಕೋಣೆಯಲ್ಲಿ ಸಾಲಾಗಿ ಮಲಗಿಸಿದ ಓಕ್ ಮರದ ಪೀಪಾಯಿಗಳು. ಒಂದೊಂದು ಪೀಪಾಯಿ ಸಾಮಾನ್ಯವಾಗಿ 225 ಲೀಟರು ಹಿಡಿಯುತ್ತೆ. ಕಪ್ಪು ದ್ರಾಕ್ಷಿ ಹಿಂಡಿದರೂ ರಸ ಬಹುಮಟ್ಟಿಗೆ ಬಿಳಿಯೇ, ಬಣ್ಣ ಇರೋದು ಸಿಪ್ಪೆಯಲ್ಲಿ, ಸಿಪ್ಪೆ ಸಮೇತ ಹುಳಿಸಿದರೆ ಮಾತ್ರ ಕೆಂಪು ವೈನು ಅಂತ ಅಲ್ಲಿ ತಿಳಿಸಿ ಹೇಳ್ತಾರೆ.

ಆಮೇಲೆ ರುಚಿ ನೋಡೋ ಕೋಣೆ. ಮೇಜಿನ ಮೇಲೆ ನಾಲ್ಕೈದು ಬಗೆಯ ವೈನು. ಒಂದೊಂದನ್ನೂ 30ರಿಂದ 50 ಮಿಲಿ ಲೀಟರಿನಷ್ಟು ಸುರೀತಾರೆ. ಮೊದಲು ಬಿಳಿ, ಆಮೇಲೆ ಕೆಂಪು. ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಮೆಲ್ಲಗೆ ಸುತ್ತಿಸಬೇಕು, ಮೂಗಿಗೆ ಹಿಡಿದು ವಾಸನೆ ನೋಡಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು. ಪಳಗಿದವರು ನುಂಗೋದೇ ಇಲ್ಲ, ಪಕ್ಕದ ಪಾತ್ರೆಗೆ ಉಗೀತಾರೆ. ಕಾಫಿ, ಟೀ ರುಚಿ ನೋಡಿ ದರ್ಜೆ ಕಟ್ಟೋರು ಮಾಡೋದೂ ಇದನ್ನೇ. ಆದರೆ ಕೈಯಿಂದ ಹಣ ಕೊಟ್ಟು ಬಂದವರಿಗೆ ಉಗಿಯೋ ಮನಸ್ಸು ಎಲ್ಲಿಂದ ಬರಬೇಕು?

ಅಂಗಡಿಯವರ ಲೆಕ್ಕದಲ್ಲಿ ನೋಡಿ

ವ್ಯಾಪಾರ ಗೊತ್ತಿದ್ದೋರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಬಾಟಲಿ ಪೇಟೆಗೆ ಹೋದರೆ ಸಗಟಿನವರ ಪಾಲು, ಚಿಲ್ಲರೆಯವರ ಪಾಲು, ಸಾಗಣೆ ಅಂತ ಕಳೆಯುತ್ತೆ. ಕಪಾಟಿನಲ್ಲಿ ಹತ್ತು ಕಂಪನಿಗಳ ನಡುವೆ ಇದೂ ಒಂದು. ಟೀವಿಯಲ್ಲಿ ಮದ್ಯದ ಜಾಹೀರಾತು ಹಾಕೋ ಹಾಗಿಲ್ಲ. ಹೀಗಿರುವಾಗ ಗಿರಾಕಿಯೇ ಮನೆ ಬಾಗಿಲಿಗೆ ಬಂದು, ಮಾಲು ನೋಡೋದಕ್ಕೂ ಹಣ ಕೊಟ್ಟು, ರುಚಿ ಹಿಡಿಸಿದರೆ ನಾಲ್ಕು ಬಾಟಲಿ ಕೊಂಡು, ಊರಿಗೆ ಹೋಗಿ ಹತ್ತು ಜನಕ್ಕೆ ಹೇಳ್ತಾನೆ ಅಂದರೆ ಇದಕ್ಕಿಂತ ಒಳ್ಳೇ ವ್ಯಾಪಾರ ಯಾವುದು?

ಆದ್ದರಿಂದಲೇ ಜಗತ್ತಿನ ವೈನು ಸೀಮೆಗಳಲ್ಲೆಲ್ಲ ಈ ಕೋಣೆಗಳು ಎದ್ದಿರೋದು. ಇದರಲ್ಲಿ ತಪ್ಪೇನೂ ಇಲ್ಲ. ಕೇಳಬೇಕಾದ್ದು ಆ ಹಣದಲ್ಲಿ ಕಾಂಪೌಂಡಿನ ಹೊರಗೆ ಬರೋದೆಷ್ಟು ಅಂತ.

ಶುರುವಾದದ್ದು ಹೀಗೆ

ಇಲ್ಲಿ ಈ ಕಸುಬು ಶುರುವಾಗಿ ಮೂರು ದಶಕ ಮೀರಿತು. 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ತಪ್ಪಲನ್ನು ಆರಿಸಿ ಗ್ರೋವರ್ ವೈನ್‌ಯಾರ್ಡ್ಸ್ ಕಟ್ಟಿದರು. ಸಲಹೆಗೆ ಬಂದವರು ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್. ನೆಟ್ಟದ್ದು ಫ್ರಾನ್ಸಿನ ತಳಿಗಳು. ಮೊದಲ ವೈನು 1992ರಲ್ಲಿ ಹೊರಬಂತು. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಸಂಸ್ಥೆ ಇದರೊಡನೆ ಸೇರಿ ಗ್ರೋವರ್ ಝಂಪಾ ಆಯಿತು. ಆಮೇಲೆ ತಪ್ಪಲಿನಲ್ಲಿ ಬೇರೆ ವೈನರಿಗಳೂ ತಲೆ ಎತ್ತಿದವು.

ಈ ಜಾಗವೇ ಯಾಕೆ ಅಂದರೆ ಎತ್ತರ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರು ಮೇಲಿರೋ ನೆಲ. ಹಗಲು ಬಿಸಿಲು, ರಾತ್ರಿ ತಂಪು, ನೀರು ನಿಲ್ಲದ ಕೆಂಪು ಮಣ್ಣು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತೆ. ಇಲ್ಲಿ ಮಲಗಿಸೋ ಚಳಿ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕತ್ತರಿ ಹಾಕಿ, ಒಣ ಹವೆಯ ಫೆಬ್ರವರಿ–ಮಾರ್ಚಿನ ಸುಮಾರಿಗೆ ಒಂದು ಕೊಯ್ಲು ತೆಗೀತಾರೆ.

ಆದರೆ ರುಚಿ ನೋಡೋ ಕೋಣೆಯನ್ನು ದೊಡ್ಡ ವ್ಯಾಪಾರ ಮಾಡಿ ತೋರಿಸಿದ್ದು ನಾಸಿಕ್. ಅಲ್ಲಿನ ಗಂಗಾಪುರ ಅಣೆಕಟ್ಟಿನ ಬಳಿ ಸುಲಾ ವೈನ್‌ಯಾರ್ಡ್ಸ್‌ನವರು 2005ರಲ್ಲಿ ಕೋಣೆ ತೆರೆದರು. ದೇಶದಲ್ಲಿ ಇದೇ ಮೊದಲನೆಯದು ಅನ್ನೋ ಹೆಸರಿದೆ. ಮಹಾರಾಷ್ಟ್ರ ಸರ್ಕಾರ 2001ರಲ್ಲೇ ದ್ರಾಕ್ಷಿ ಸಂಸ್ಕರಣೆಗೆ ಅಂತ ಪ್ರತ್ಯೇಕ ನೀತಿ ತಂದಿತ್ತು. ಮುಂಬೈ, ಪುಣೆಯ ಜನ ಹಿಂಡು ಹಿಂಡಾಗಿ ಬಂದರು. ಹೋಟೆಲು ಎದ್ದವು, ಟ್ಯಾಕ್ಸಿಗೆ ಬಾಡಿಗೆ ಸಿಕ್ಕಿತು.

ಕರ್ನಾಟಕ ಸರ್ಕಾರವೂ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿ ತಂದು, ದ್ರಾಕ್ಷಾರಸ ಮಂಡಳಿಯನ್ನೂ ಸ್ಥಾಪಿಸಿತು. ನೀತಿಯ ಹೆಸರಲ್ಲೇ ದ್ರಾಕ್ಷಿ ಮೊದಲು, ವೈನು ಆಮೇಲೆ. ಅಂದರೆ ಉದ್ದೇಶ ಬೆಳೆಗಾರನಿಗೆ ಬೆಲೆ ಸಿಗಲಿ ಅನ್ನೋದು. ಆ ಉದ್ದೇಶದ ಅಳತೆಗೋಲಿನಿಂದಲೇ ಇವತ್ತಿನ ಸ್ಥಿತಿಯನ್ನು ಅಳೆಯಬೇಕು.

ಪಕ್ಕದ ಹೊಲದ ಚಪ್ಪರ

ಈ ಸೀಮೆಯ ಸ್ವಂತ ದ್ರಾಕ್ಷಿ ಬೇರೆಯೇ ಇದೆ. ಅದು ಬೆಂಗಳೂರು ನೀಲಿ. ಕಲ್ಲು ಕಂಬ ನೆಟ್ಟು, ತಂತಿ ಎಳೆದು, ತಲೆ ಎತ್ತರಕ್ಕೆ ಚಪ್ಪರ ಹಬ್ಬಿಸಿ ಬೆಳೆಯೋ ಈ ಹಣ್ಣಿಗೆ ನೂರು ವರ್ಷ ಮೀರಿದ ಇತಿಹಾಸ. ಬೆಂಗಳೂರು ಸುತ್ತಲಿನ ಹಳ್ಳಿಗಳು, ಚಿಕ್ಕಬಳ್ಳಾಪುರ, ಕೋಲಾರ ಇದರ ನೆಲೆ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ವರ್ಷಕ್ಕೆ ಎರಡು ಬೆಳೆ ಕೊಡೋ ಗಟ್ಟಿ ಜೀವ ಇದರದ್ದು.

ಆದರೆ ರುಚಿ ನೋಡೋ ಕೋಣೆಯ ಮೇಜಿನಲ್ಲಿ ಇದಕ್ಕೆ ಮೊದಲ ಪಂಕ್ತಿ ಇಲ್ಲ. ಇದರ ವಾಸನೆ ಜೋರು. ಫ್ರೆಂಚರ ಮಾದರಿಯ ಒಣ ವೈನಿಗೆ ಹೊಂದಲ್ಲ. ಜ್ಯೂಸು, ಜಾಮು, ಸಿಹಿಯಾದ ಪೋರ್ಟ್ ವೈನಿಗೆ ಹೋಗುತ್ತೆ. ಉಳಿದದ್ದು ತಳ್ಳೋ ಗಾಡಿಗೆ. ಮಾನ್ಯತೆಯ ಪತ್ರ ಹೆಸರನ್ನು ಕಾಪಾಡುತ್ತೆ, ಬೆಲೆಯನ್ನಲ್ಲ. 2020ರ ಮಾರ್ಚ್ 25ರಂದು ದೇಶಕ್ಕೇ ಬೀಗ ಬಿದ್ದಾಗ ಚಿಕ್ಕಬಳ್ಳಾಪುರದ ಕಡೆ ಹಣ್ಣು ಬಳ್ಳಿಯಲ್ಲೇ ಇತ್ತು, ಕೊಳ್ಳೋರಿರಲಿಲ್ಲ. ಕಿತ್ತು ಇಟ್ಟುಕೊಳ್ಳೋ ಸರಕಲ್ಲ ಇದು. ಬೆಳೆದವರು ಪಟ್ಟ ಪಾಡು ಜಿಲ್ಲೆಯ ಜನಕ್ಕೆ ಮರೆತಿಲ್ಲ.

ಹೀಗೆ ಬೆಲೆಗೆ ಗ್ಯಾರಂಟಿ ಇಲ್ಲದ ಚಪ್ಪರ ಒಂದು ಕಡೆ. ಅದೇ ನೆಲವನ್ನು ಸೈಟು ಮಾಡಿದರೆ ಬರೋ ದುಡ್ಡು ಇನ್ನೊಂದು ಕಡೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಭಾಗದ ಜಮೀನಿನ ಬೆಲೆ ಎಲ್ಲಿಗೆ ಏರಿತು ಅನ್ನೋದು ಟೀ ಅಂಗಡಿಯಲ್ಲಿ ಕೂತೋರಿಗೂ ಗೊತ್ತು. ಎರಡೆಕರೆ ಇಟ್ಕೊಂಡ ರೈತ ಯಾವುದನ್ನು ಆರಿಸಿಕೊಳ್ತಾನೆ? ಅವನನ್ನು ದೂರೋದು ಸುಲಭ. ಅವನ ಜಾಗದಲ್ಲಿ ನಿಂತು ಲೆಕ್ಕ ಹಾಕೋದು ಕಷ್ಟ.

ಭೂಮಿ ಬಿಡಲ್ಲ ಅಂತ ಹಟ ಹಿಡಿದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಯೋಜನೆ ಕೈಬಿಡೋದಾಗಿ ಸಾರಿತು. ಅದಕ್ಕೆ ಎರಡು ವಾರ ಮೊದಲು, ಜುಲೈ 2ರಂದು, ನಂದಿಬೆಟ್ಟದ ಮೇಲೇ ಸೇರಿದ ಮಂತ್ರಿ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡಲು ಒಪ್ಪಿಗೆ ಕೊಟ್ಟಿತ್ತು. ಒಂದೇ ತಿಂಗಳಲ್ಲಿ ಹಳ್ಳಿಗಳು ಉಳಿದವು, ಹೆಸರಿನಲ್ಲಿದ್ದ 'ಗ್ರಾಮ' ಮಾತ್ರ ಹೋಯಿತು!

ಸರ್ಕಾರ ಕಿತ್ತುಕೊಳ್ಳೋದು ನಿಂತರೂ ಮಾರೋದು ಮಾಲೀಕನ ಕೈಯಲ್ಲಿದೆ. ಹಾಗಾದರೆ ತೋಟ ಉಳಿಯೋ ದಾರಿ ಯಾವುದು?

ನಾಪಾದವರು ಮಾಡಿದ್ದೇನು?

ಇದೇ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿಂದೆಯೇ ಎದ್ದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಒಂದೂವರೆ ಗಂಟೆಯ ದಾರಿ ನಾಪಾ ಕಣಿವೆ. ಅದೇ ನಗರದ ಇನ್ನೊಂದು ಬದಿಗೆ ಸಾಂಟಾ ಕ್ಲಾರಾ ಕಣಿವೆ. ಅಲ್ಲಿ ಮೊದಲು ಇದ್ದದ್ದು ಪ್ಲಮ್, ಏಪ್ರಿಕಾಟ್ ಹಣ್ಣಿನ ತೋಟಗಳು. ಮನೆಗಳು ಬಂದವು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದವು, ತೋಟ ಮಾಯವಾದವು. ಇವತ್ತು ಜಗತ್ತು ಅದನ್ನು ಸಿಲಿಕಾನ್ ವ್ಯಾಲಿ ಅಂತ ಕರೆಯುತ್ತೆ. ಬೆಂಗಳೂರಿಗೂ ಅದೇ ಹೆಸರಿನ ಹೆಮ್ಮೆ ಉಂಟಷ್ಟೆ!

ಅಂಥದ್ದು ತಮ್ಮಲ್ಲಿ ಆಗಬಾರದು ಅಂತ ನಾಪಾ ಕೌಂಟಿಯ ಆಡಳಿತ 1968ರಲ್ಲಿ ಕಣಿವೆಯ ನೆಲವನ್ನು ಕೃಷಿಗೇ ಮೀಸಲು ಮಾಡಿತು. 20 ಎಕರೆಗಿಂತ ಚಿಕ್ಕದಾಗಿ ತುಂಡು ಮಾಡೋ ಹಾಗಿಲ್ಲ ಅಂತ ಗೆರೆ ಎಳೆಯಿತು. ಮುಂದೆ ಅದು 40 ಎಕರೆಗೆ ಏರಿತು. ಜಮೀನಿನ ಬೆಲೆ ಬೀಳುತ್ತೆ ಅಂತ ಅವತ್ತು ಅಲ್ಲೂ ಬೊಬ್ಬೆ ಎದ್ದಿತ್ತು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿಟ್ಟು ನಡೆಸಿದ ರುಚಿ ಪರೀಕ್ಷೆಯಲ್ಲಿ ಬಿಳಿಯಲ್ಲೂ ಕೆಂಪಿನಲ್ಲೂ ನಾಪಾದ ವೈನುಗಳೇ ಮೇಲೆ ಬಂದವು. ಆಮೇಲೆ ಪ್ರವಾಸಿಗರ ಪ್ರವಾಹ. ತೋಟವನ್ನು ಎಂಟು ವರ್ಷ ಮೊದಲೇ ಉಳಿಸಿಕೊಂಡಿದ್ದರಿಂದ ಬಂದವರಿಗೆ ತೋರಿಸೋದಕ್ಕೆ ತೋಟವಿತ್ತು.

1990ರಲ್ಲಿ ಅವರು ಇನ್ನೊಂದು ಕಟ್ಟುಪಾಡು ತಂದರು. ಹೊಸದಾಗಿ ಶುರುವಾಗೋ ವೈನರಿ 75 ಪರ್ಸೆಂಟ್ ದ್ರಾಕ್ಷಿಯನ್ನು ಅದೇ ಕೌಂಟಿಯಿಂದ ಕೊಳ್ಳಬೇಕು. ಹೊಸ ರುಚಿ ಕೋಣೆಗಳಿಗೆ ಮೊದಲೇ ಗೊತ್ತು ಮಾಡಿಕೊಂಡು ಬಂದವರಿಗಷ್ಟೇ ಪ್ರವೇಶ. ಎಲ್ಲಿಂದಲೋ ಹಣ್ಣು ತಂದು, ಇಲ್ಲಿ ಬೋರ್ಡು ಹಾಕಿ, ಹೋಟೆಲು ನಡೆಸೋರನ್ನು ತಡೆಯೋದೇ ಇದರ ಮರ್ಮ.

ಈ ಕಾನೂನನ್ನು ಹಾಗೇ ತಂದು ಇಲ್ಲಿ ಅಂಟಿಸೋಕಾಗಲ್ಲ. 20 ಎಕರೆ ಅಂದರೆ ಇಲ್ಲಿ ಒಬ್ಬ ರೈತನ ಜಮೀನಲ್ಲ, ಹತ್ತು ಮನೆಯವರ ಜಮೀನು. ಮಗಳ ಮದುವೆಗೆ, ಆಸ್ಪತ್ರೆಗೆ ಅರ್ಧ ಎಕರೆ ಮಾರೋರ ಕೈ ಕಟ್ಟಿದರೆ ಅದು ಅನ್ಯಾಯ. ಆದರೆ ಆ ಕಾನೂನಿನ ಹಿಂದಿನ ತಿಳಿವಳಿಕೆ ಮಾತ್ರ ಎಲ್ಲಿಗೂ ಸಲ್ಲುತ್ತೆ. ಪ್ರವಾಸಿಗೆ ಮಾರೋದು ತೋಟದ ನೋಟ. ಆ ನೋಟ ಒಬ್ಬ ಮಾಲೀಕನ ಗೇಟಿನೊಳಗೆ ಮುಗಿಯಲ್ಲ. ಸುತ್ತ ಇರೋ ರೈತರ ಹೊಲವೂ ಅದರಲ್ಲಿ ಸೇರಿದೆ. ಸುತ್ತ ಬಡಾವಣೆ ಎದ್ದರೆ ನಡುವಿನ ವೈನರಿ ದುಬಾರಿ ಬಾರ್ ಆಗಿ ಉಳಿಯುತ್ತೆ, ಅಷ್ಟೆ. ಬಾರ್‌ಗೆ ಯಾರೂ ಬೆಂಗಳೂರಿನಿಂದ 40 ಕಿಲೋಮೀಟರು ಬರಲ್ಲ.

ಪೇಟೆಗೆ ಸಿಕ್ಕಿದ್ದೇನು?

ಈಗ ಅಂಗಡಿಯವರ ಮಾತಿಗೆ ಬರೋಣ. ರಘುನಾಥಪುರ ಇರೋದು ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವೆ. ವಿಮಾನ ನಿಲ್ದಾಣದ ಹೆದ್ದಾರಿಯಲ್ಲಿ ಬಂದ ಕಾರು ದೇವನಹಳ್ಳಿಯ ಬಳಿ ತಿರುಗಿ, ವೈನರಿಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿದರೆ ದೊಡ್ಡಬಳ್ಳಾಪುರದ ಪೇಟೆಯನ್ನು ಕಣ್ಣಲ್ಲೂ ನೋಡಬೇಕಿಲ್ಲ. ಮಗ್ಗದ ಊರು ಇದು. ಇಲ್ಲಿನ ರೇಷ್ಮೆ ಸೀರೆಯ ಹೆಸರು ಆ ಕಾರಿನವರ ಕಿವಿಗೆ ಬೀಳೋದೇ ಇಲ್ಲ. ದೇವನಹಳ್ಳಿಯ ಚಕ್ಕೋತವೂ ಅಷ್ಟೆ.

ಕಾರು ಊರೊಳಗೆ ಬರದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಚನ್ನಪಟ್ಟಣದವರನ್ನು ಕೇಳಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ, ಕಾರುಗಳು ಬೈಪಾಸಿನಲ್ಲಿ ಹಾದು ಹೋಗತೊಡಗಿದ ಮೇಲೆ, ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ವ್ಯಾಪಾರ ಕುಸಿಯಿತು ಅಂತ ಕೂಗೆದ್ದಿತು. ಅವರಿಗಾದರೂ ಒಮ್ಮೆ ಇದ್ದದ್ದು ಹೋಯಿತು. ಇಲ್ಲಿ ಬರಬೇಕಾದದ್ದು ಬಂದೇ ಇಲ್ಲ.

ಕುಡಿದು ಓಡಿಸೋರ ದಾರಿ

ಇನ್ನೊಂದು ಮಾತು ಬಸ್ಸಿನವರಿಗೆ, ರಸ್ತೆ ದಾಟೋರಿಗೆ, ಸೈಕಲ್ಲಿನಲ್ಲಿ ಹೋಗೋರಿಗೆ. ಐದು ಬಗೆ ವೈನು, ಒಂದೊಂದು 40 ಮಿಲಿ ಲೀಟರಿನಂತೆ ನುಂಗಿದರೆ 200 ಮಿಲಿ ಲೀಟರು. ವೈನಿನಲ್ಲಿ ಮದ್ಯಸಾರ ಸಾಮಾನ್ಯವಾಗಿ 12ರಿಂದ 14 ಪರ್ಸೆಂಟ್. ಮೋಟಾರು ವಾಹನ ಕಾಯಿದೆ ಹಾಕಿರೋ ಮಿತಿ 100 ಮಿಲಿ ಲೀಟರು ರಕ್ತಕ್ಕೆ 30 ಮಿಲಿಗ್ರಾಂ. ಸಾಧಾರಣ ಮೈಕಟ್ಟಿನ ಮನುಷ್ಯ ಒಂದು ಗಂಟೆಯಲ್ಲಿ ಇಷ್ಟು ಕುಡಿದರೆ ಆ ಗಡಿ ದಾಟೋ ಸಂಭವವೇ ಹೆಚ್ಚು. 2019ರ ಸೆಪ್ಟೆಂಬರಿನಿಂದ ಮೊದಲ ತಪ್ಪಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. "ರುಚಿ ನೋಡಿದ್ದಷ್ಟೇ ಸಾರ್" ಅನ್ನೋ ಸಬೂಬು ಕಾನೂನಿಗೆ ಗೊತ್ತಿಲ್ಲ. ಮುಂದೆ ಬರೋ ಲಾರಿಗೂ ಗೊತ್ತಿಲ್ಲ.

ಮದ್ಯವೇ ಬೇಡ ಅನ್ನೋರ ಮಾತಿನಲ್ಲೂ ಹುರುಳಿದೆ. ವೈನು ಆರೋಗ್ಯಕ್ಕೆ ಒಳ್ಳೇದು ಅನ್ನೋ ಹಳೇ ಮಾತನ್ನು ಈಗ ನಂಬೋ ಹಾಗಿಲ್ಲ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿತದಿಂದ ಹಾಳಾದ ಮನೆಗಳು ಪ್ರತಿ ಹಳ್ಳಿಯಲ್ಲಿವೆ. ಹಾಗಂತ ವೈನರಿಗಳು ನಾಳೆ ಮುಚ್ಚಲ್ಲ. ಇರೋವಷ್ಟು ದಿನ ಅವು ಯಾವ ಕಟ್ಟುಪಾಡಿನಲ್ಲಿ ನಡೆಯಬೇಕು ಅನ್ನೋದನ್ನು ಊರಿನವರು ಕೇಳಲೇಬೇಕು.

ಆಗಬೇಕಾದ್ದು

ಮೊದಲನೆಯದು, ಬೆಲೆ. ಸುತ್ತಲಿನ ರೈತರ ಹಣ್ಣನ್ನು ನಾಟಿಗೆ ಮೊದಲೇ ಬರಹದಲ್ಲಿ ಬೆಲೆ ಗೊತ್ತು ಮಾಡಿ ಕೊಳ್ಳೋ ಪದ್ಧತಿ ಗಟ್ಟಿಯಾಗಬೇಕು. ದ್ರಾಕ್ಷಾರಸ ಮಂಡಳಿ ನಡುವೆ ನಿಂತು ಸಾಕ್ಷಿಯಾಗಲಿ. ಹಣ್ಣಿಗೆ ಬೆಲೆ ಇದ್ದರೆ ಚಪ್ಪರ ತಾನಾಗಿ ಉಳಿಯುತ್ತೆ, ಇಲ್ಲದಿದ್ದರೆ ಯಾವ ಕಾನೂನೂ ಉಳಿಸಲ್ಲ.

ಎರಡನೆಯದು, ಬೆಂಗಳೂರು ನೀಲಿಯ ಜ್ಯೂಸು. ರುಚಿ ನೋಡೋ ಕೋಣೆಗೆ ಬಂದ ಪ್ರತಿ ಕಾರಿನಲ್ಲೂ ಗಾಡಿ ಓಡಿಸೋನು ಒಬ್ಬ ಇರ್ತಾನೆ, ಕುಡಿಯದ ಹೆಂಗಸರು, ಹಿರಿಯರು ಇರ್ತಾರೆ. ಅವರ ಮುಂದೆ ಈ ಸೀಮೆಯ ಹಣ್ಣಿನ ರಸವನ್ನು ಅಷ್ಟೇ ಮರ್ಯಾದೆಯಿಂದ, ಅದೇ ಗ್ಲಾಸಿನಲ್ಲಿ, ಬೆಳೆದ ಊರಿನ ಹೆಸರು ಹೇಳಿ ಇಡಲಿ. ಓಡಿಸೋನಿಗೆ ಕುಡಿಯೋಕೆ ಏನಾದರೂ ಸಿಕ್ಕಿತು, ರೈತನಿಗೆ ಇನ್ನೊಬ್ಬ ಗಿರಾಕಿ ಸಿಕ್ಕಿದ. ಅದೇ ಬಾಟಲಿ ಬಸ್ ನಿಲ್ದಾಣದ ಅಂಗಡಿಯಲ್ಲೂ ಮಾರಾಟಕ್ಕೆ ಬರಲಿ. ಇದಕ್ಕೆ ಅಬಕಾರಿ ಲೈಸೆನ್ಸು ಬೇಕಿಲ್ಲ.

ಮೂರನೆಯದು, ವಾಹನ. ದೊಡ್ಡಬಳ್ಳಾಪುರದಲ್ಲಿ ರೈಲು ನಿಲ್ದಾಣವಿದೆ, ದೇವನಹಳ್ಳಿಯಲ್ಲೂ ಇದೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ರೈಲಿನಲ್ಲೋ ಬಸ್ಸಿನಲ್ಲೋ ಬಂದವರನ್ನು ವೈನರಿಗೆ ಕರೆದೊಯ್ದು ವಾಪಸು ಬಿಡೋ ವ್ಯಾನು ಊರಿನ ಪೇಟೆಯಿಂದಲೇ ಹೊರಡಲಿ. ಹೋಗೋವಾಗ ಆಟೋದವರಿಗೆ ಬಾಡಿಗೆ, ಬರೋವಾಗ ಹೋಟೆಲಿನವರಿಗೆ, ಸೀರೆ ಅಂಗಡಿಯವರಿಗೆ ಗಿರಾಕಿ. ಕುಡಿದವನ ಕೈಗೆ ಸ್ಟೇರಿಂಗೂ ಸಿಗಲ್ಲ. ಪ್ರವಾಸೋದ್ಯಮ ಇಲಾಖೆ, ಸಾರಿಗೆ ಸಂಸ್ಥೆ, ವೈನರಿಯವರು ಒಂದು ಮೇಜಿನ ಸುತ್ತ ಕೂತರೆ ಆಗೋ ಕೆಲಸ ಇದು. ಕೋಟಿಗಟ್ಟಲೆ ಖರ್ಚಿನ ಬಾಬತ್ತಲ್ಲ.

ನಾಲ್ಕನೆಯದು, ನಾಪಾದಿಂದ ಕಲಿಯಬಹುದಾದ ಪಾಠ. ಹೊಸ ರುಚಿ ಕೋಣೆಗೆ ಪರವಾನಗಿ ಕೊಡೋವಾಗ ಎಷ್ಟು ಪಾಲು ಹಣ್ಣನ್ನು ಈ ತಾಲ್ಲೂಕುಗಳಿಂದ ಕೊಳ್ಳುತ್ತೀರಿ ಅಂತ ಒಂದು ಸಾಲು ಬರೆಸಿಕೊಳ್ಳಲಿ. ನಂದಿಯ ಹೆಸರಿನಲ್ಲಿ ಮಾರೋದು ನಂದಿ ತಪ್ಪಲಿನ ಹಣ್ಣೇ ಆಗಿರಲಿ.

ಇಷ್ಟಕ್ಕೆ ಹೊಸ ಇಲಾಖೆ ಬೇಕಿಲ್ಲ, ಹೊಸ ನಿಗಮವೂ ಬೇಕಿಲ್ಲ. ಬೇಕಾದ್ದು ಚಪ್ಪರದ ಕಲ್ಲು ಕಂಬ ಕಿತ್ತು ಲೇಔಟಿನ ಗುರುತು ಕಲ್ಲು ನೆಡೋದಕ್ಕೆ ಮೊದಲು ಎಚ್ಚರಗೊಳ್ಳೋ ಮನಸ್ಸು. ಮುಂದಿನ ಕೊಯ್ಲಿನೊಳಗೆ ಜಿಲ್ಲಾಧಿಕಾರಿಗಳು ಬೆಳೆಗಾರರನ್ನೂ ವೈನರಿಯವರನ್ನೂ ಅಂಗಡಿಯವರನ್ನೂ ಒಂದು ಸಭೆಗೆ ಕರೆಯುವರೇ? ಶಾಸಕರು ಆ ಸಭೆಗೆ ಬರುವರೇ?